ಸಂಬಂಧ ಇಲ್ಲದವರಿಗೆ ಪ್ರವೇಶವಿಲ್ಲ

ನಮ್ಮ ಮನೆಯಿಂದ ಒಬ್ಬರು ಡಿಗ್ರಿ ಮುಗಿಸುವುದು ಈ ಜನ್ಮದಲ್ಲಿ ಆಗದ ಕೆಲಸ ಎಂದು ಹೇಳಿದವರು ಬೀಡಿ ಬ್ರಾಂಚಿನ ಲೋಕಯ್ಯಣ್ಣ. ಅಮ್ಮ ಕಟ್ಟಿ ಕೊಂಡುಹೋದ ಬೀಡಿಗಳಲ್ಲಿ ಸರಿಯಿಲ್ಲದ್ದನ್ನು ಆರಿಸಿ ಬಿಸಾಡುವ ಅಧಿಕಾರ ಅವರದು. ಅದೇ ಅಭ್ಯಾಸದಲ್ಲಿ ಒಮ್ಮೆ ನನ್ನನ್ನೂ ನೋಡಿ, ಆರಿಸಿ, ಬಿಸಾಡಿದ್ದರು.

ನಾನು ಬಿಟ್ಟೆನೇ? ಮಾಣಿಯಿಂದ ಉಜಿರೆಗೆ ಮೂರು ವರ್ಷ ಬಸ್ಸಿನಲ್ಲಿ ಹೋಗಿ ಬಿಕಾಂ ಮಾಡಿದೆ. ಕೂತು ಓದಿದವರು ಬೇರೆ. ನಾನು ಬಸ್ಸಿನ ಕಂಬಿ ಹಿಡಿದು ನಿಂತು ಓದಿದವಳು. ನಮ್ಮ ಕುಟುಂಬದಲ್ಲಿ ಹೆಸರಿನ ಮುಂದೆ ಚುಕ್ಕಿ ಇಟ್ಟು ಅಕ್ಷರ ಬರೆಯುವ ಯೋಗ ಬಂದದ್ದು ನನಗೇ ಮೊದಲು. ಆ ಚುಕ್ಕಿಗಳ ಭಾರದಿಂದಲೇ ಮುಂದಿನ ಅನಾಹುತಗಳೆಲ್ಲ ನಡೆದವು.

ಕೆಲಸ ಸಿಕ್ಕಿದ್ದು ಬಿ.ಸಿ.ರೋಡಿನ ಒಂದು ಸೆಕ್ಯುರಿಟಿ ಕಂಪೆನಿಯಲ್ಲಿ. ಫ್ಯಾಕ್ಟರಿ, ಗೋದಾಮು, ಆಫೀಸುಗಳಿಗೆ ಕಾವಲಿನವರನ್ನು ಕೊಡುವುದು, ಎಲ್ಲೆಲ್ಲಿ ಏನೇನು ಅಪಾಯ ಬರಬಹುದೆಂದು ಮೊದಲೇ ಲೆಕ್ಕ ಹಾಕಿ ತಪ್ಪಿಸುವುದು ಅದರ ವ್ಯವಹಾರ. ನನ್ನ ಹುದ್ದೆಯನ್ನು ಇಂಗ್ಲಿಷಿನಲ್ಲಿ ರಿಸ್ಕ್ ಆಫೀಸರ್ ಎನ್ನುತ್ತಿದ್ದರು. ಊರಿಗೆ ಅರ್ಥವಾಗಲಿ ಎಂದು ನಾನೇ ಅದನ್ನು ‘ಅಪಾಯ ಅಧಿಕಾರಿ’ ಎಂದು ಕನ್ನಡಕ್ಕಿಳಿಸಿದೆ.

“ಅಪಾಯ ಅಂತ ಟ್ರಾನ್ಸ್‌ಫಾರ್ಮರಿನಲ್ಲಿ ಬರೆದಿರ್ತದಲ್ಲ, ಬುರುಡೆ ಚಿತ್ರದ ಕೆಳಗೆ. ಆ ಇಲಾಖೆಯಾ ವಿಮಲ?” ಎಂದು ಪಕ್ಕದ ಮನೆಯ ಐಸಮ್ಮ ಕೇಳಿದರು.

ಮಾಣಿಯಲ್ಲಿ ರಿಕ್ಷಾ ಓಡಿಸುವ ನನ್ನ ಗಂಡ ದಿನೇಶ್ ನನಗಿಂತ ಮೊದಲು ಉತ್ತರ ಕೊಟ್ಟರು: “ಹೌದು ಐಸಮ್ಮ. ಇನ್ನು ನೀವು ಇವಳನ್ನು ಮುಟ್ಟಲಿಕ್ಕಿಲ್ಲ.”

ನಗಲಿ. ನನಗೆ ನಗಲು ಪುರುಸೊತ್ತಿರಲಿಲ್ಲ. ಆರು ತಿಂಗಳ ಪರೀಕ್ಷಾ ಅವಧಿ ಮುಗಿಸಿದರೆ ನೌಕರಿ ಖಾಯಂ. ನಮ್ಮ ಜೊತೆಗೇ ಇರುವ ಅಮ್ಮನಿಗೆ ಮಾತು ಕೊಟ್ಟುಬಿಟ್ಟಿದ್ದೆ: “ನನಗೆ ಖಾಯಂ ಆದ ದಿನ ನೀನು ಬೀಡಿ ಕಟ್ಟುವುದು ನಿಲ್ಲಿಸಬೇಕು.” ಅಮ್ಮನ ಬೆನ್ನು ಆಗಲೇ ಮಡಿಲಿನ ತಡ್ಪೆಯ, ಬೀಡಿ ಕಟ್ಟುವ ಆ ಮೊರದ, ಕಡೆಗೇ ಬಾಗಿ ನಿಂತಿತ್ತು. ನೇರ ಮಾಡಲು ನನ್ನ ಹತ್ತಿರ ಬೇರೆ ಉಪಾಯ ಇರಲಿಲ್ಲ.

ನನಗೆ ವಹಿಸಿದ್ದು ಮೂಡಬಿದಿರೆಯ ಹತ್ತಿರದ ಒಂದು ಗೇರುಬೀಜ ಫ್ಯಾಕ್ಟರಿ. ಆಗಷ್ಟೇ ಬೆಂಗಳೂರಿನವರೊಬ್ಬರು ಅದನ್ನು ಕೊಂಡಿದ್ದರು. ಗೇಟಿಗೆ ನಮ್ಮ ಕಂಪೆನಿಯ ಕಾವಲಿನವರು ಸಂಜೀವಣ್ಣ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಈ ಮೂರೂ ಕಡೆಯ ರೂಟುಗಳಲ್ಲಿ ಯಾವ ಸ್ಟಾಪಿನಲ್ಲಿ ಯಾರ ಮನೆ, ಆ ಮನೆಗೆ ಎಲ್ಲಿಂದ ಹೆಣ್ಣು ತಂದದ್ದು, ಎಲ್ಲ ಅವರ ಬಾಯಿಯಲ್ಲಿತ್ತು. ಇಂಥವರು ಗೇಟಿನಲ್ಲಿದ್ದರೆ ಕ್ಯಾಮೆರಾ ಯಾಕೆ ಎಂದು ನಾನು ಹಿಗ್ಗಿದೆ.

ಗೇಟಿನ ಪುಸ್ತಕ ಇಂಗ್ಲಿಷಿನಲ್ಲಿತ್ತು. ಸಂಜೀವಣ್ಣನಿಗಾಗಿ ಅದನ್ನು ಕನ್ನಡದಲ್ಲಿ ಮಾಡಿದೆ. ಹೆಸರು, ಊರು, ಬಂದ ಸಮಯ ಇವು ಸಲೀಸಾಗಿ ಬಂದವು. ಕೊನೆಯ ಕಾಲಮ್ಮಿನಲ್ಲಿ, ಬಂದವರಿಗೂ ಕಂಪೆನಿಗೂ ಏನು ವ್ಯವಹಾರ ಎಂಬ ಅರ್ಥದ ಉದ್ದದ ಇಂಗ್ಲಿಷ್ ಸಾಲೊಂದಿತ್ತು. ಅಷ್ಟುದ್ದ ಬರೆಯಲು ಜಾಗ ಇಲ್ಲ. ಪದವೀಧರೆ ನಾನು, ಒಂದೇ ಪದದಲ್ಲಿ ಮುಗಿಸಿದೆ.

‘ಸಂಬಂಧ’.

ಅಷ್ಟು ಸಾಲದೆಂದು ಗೇಟಿಗೆ ಒಂದು ಬೋರ್ಡನ್ನೂ ಬರೆಸಿದೆ: ‘ಸಂಬಂಧ ಇಲ್ಲದವರಿಗೆ ಪ್ರವೇಶವಿಲ್ಲ’. ಆಮೇಲೆ ಭಾಷಣ.

“ನೋಡಿ ಸಂಜೀವಣ್ಣ, ಯಾರೇ ಬರಲಿ, ಮೊದಲು ಸಂಬಂಧ ಕೇಳಬೇಕು. ಸಂಬಂಧ ಇದ್ದರೆ ಒಳಗೆ ಬಿಡಿ. ಇಲ್ಲದಿದ್ದರೆ ದೇವೇಂದ್ರ ಬಂದರೂ ಬಿಡಬೇಡಿ.”

“ಆಯ್ತು ಮೇಡಂ,” ಎಂದರು ಸಂಜೀವಣ್ಣ, ಬಹಳ ಗಂಭೀರವಾಗಿ. “ಸಂಬಂಧ ಹುಡುಕುವುದು ನನಗೆ ಬಿಡಿ.”

ನಾನು ಬಿಟ್ಟೆ! ತಿಂಗಳಿಗೊಮ್ಮೆ ಹೋಗಿ ಪುಸ್ತಕ ತಪಾಸಣೆ ಮಾಡುವುದು ನನ್ನ ಕರ್ತವ್ಯ. ಮಾಡಿದೆ ಕೂಡ. ಕೊನೆಯ ಕಾಲಮ್ಮು ಒಂದು ಸಾಲೂ ಖಾಲಿ ಇರಲಿಲ್ಲ, ಅಕ್ಷರ ಮುತ್ತಿನ ಹಾಗೆ. ಒಂದು ಅಕ್ಷರವನ್ನೂ ಓದದೆ ಪ್ರತಿ ಪುಟದ ಕೆಳಗೆ ಹಸಿರು ಶಾಯಿಯಲ್ಲಿ ಸಹಿ ಹಾಕಿದೆ. ಹಸಿರು ಶಾಯಿಯ ಪೆನ್ನನ್ನು ಅದಕ್ಕೆಂದೇ ಕೊಂಡಿದ್ದೆ.

ಆರನೆಯ ತಿಂಗಳಲ್ಲಿ ನಮ್ಮ ಆಫೀಸಿನ ಯಜಮಾನರಾದ ಪ್ರಭಾಕರ ಸರ್ ಕರೆದು ಹೇಳಿದರು: “ಈ ವಾರ ಹೆಡ್ ಆಫೀಸಿನಿಂದ ಒಬ್ಬ ವೇಷ ಹಾಕಿಕೊಂಡು ಬರ್ತಾನೆ. ಏನಾದರೂ ಸುಳ್ಳು ಹೇಳಿ ಫ್ಯಾಕ್ಟರಿಯ ಒಳಗೆ ಹೋಗಲಿಕ್ಕೆ ನೋಡ್ತಾನೆ. ತಡೆದರೆ ನೀವು ಖಾಯಂ. ಇಲ್ಲದಿದ್ದರೆ...” ಎಂದು ಫ್ಯಾನನ್ನು ನೋಡಿದರು.

ನಾನು ದಿನಾಲೂ ಮೂಡಬಿದಿರೆಗೆ ಹೋಗತೊಡಗಿದೆ. ಮೂರನೆಯ ದಿನ ಬಸ್ಸಿಳಿದು ನಡೆದು ಬರುವಾಗ ಗೇಟಿನ ಹೊರಗೆ ಒಂದು ದೊಡ್ಡ ಕಾರು. ಕಾರಿನ ಪಕ್ಕ ಬಿಸಿಲಿನಲ್ಲಿ ಕೋಟು ತೋಳಿನ ಮೇಲೆ ಹಾಕಿಕೊಂಡು, ಬೆವರು ಒರೆಸುತ್ತಾ ಒಬ್ಬರು. ಎದುರಿಗೆ ಸಂಜೀವಣ್ಣ, ಬೆಟ್ಟದ ಹಾಗೆ.

“ಒಂದು ಗಂಟೆಯಿಂದ ನಿಂತಿದೀನ್ರೀ. ಮ್ಯಾನೇಜರ್ ಫೋನ್ ಎತ್ತುತ್ತಿಲ್ಲ. ನಾನು ಈ ಫ್ಯಾಕ್ಟರಿ ಓನರು!”

“ಇರಬಹುದು,” ಎಂದರು ಸಂಜೀವಣ್ಣ. “ಸಂಬಂಧ ಇಲ್ಲ.”

ನನ್ನ ಮೈಯಲ್ಲಿ ಮಿಂಚು ಹರಿಯಿತು. ಬಂದ! ವೇಷದವನು ಬಂದ! ಅದೂ ಓನರಿನ ವೇಷ! ಬಾಡಿಗೆ ಕಾರು, ಕೋಟು, ಏನು ತಯಾರಿ!

“ಸರ್,” ಎಂದು ನಕ್ಕೆ, “ಅಭಿನಯ ಚೆನ್ನಾಗಿದೆ. ಬೆವರಂತೂ ಬಹಳ ಸಹಜ. ಆದರೆ ಈ ಗೇಟು ನನ್ನದು.”

“ಯಾರಮ್ಮಾ ನೀನು?”

“ವಿಮಲ, ಬಿ.ಕಾಂ. ಅಪಾಯ ಅಧಿಕಾರಿ.”

ಅವರು ಒಂದು ನಿಮಿಷ ಆಕಾಶ ನೋಡಿದರು. ಆಮೇಲೆ ಫೋನ್ ಒತ್ತಿ ಯಾರೊಂದಿಗೋ ಕೂಗಾಡಿ, ಅದನ್ನು ನನ್ನ ಕಡೆ ಚಾಚಿದರು. “ತಗೋ, ನಿಮ್ಮ ಬಾಸ್. ಮಾತಾಡು.”

ಕಾವಲಿನವರ ತರಬೇತಿಗೆಂದು ನಾನೇ ಬರೆದ ನಿಯಮ ಒಂದಿತ್ತು: ಅಪರಿಚಿತರು ಕೊಟ್ಟ ಫೋನಿನಲ್ಲಿ ಮಾತಾಡಬಾರದು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಫೋನಿನಿಂದ ಧ್ವನಿ ಹೊರಗೆ ಕೇಳುತ್ತಿತ್ತು: “ವಿಮಲ! ಗೇಟು ತೆಗೀರಿ ಮಾರಾಯ್ರೆ! ಅವರು ಓನರು! ವಿಮಲ!”

“ಮೇಡಂ, ಪ್ರಭಾಕರ ಸಾರಿನ ಸ್ವರ ಅಲ್ವಾ?” ಎಂದು ಸಂಜೀವಣ್ಣ ಪಿಸುಗುಟ್ಟಿದರು.

“ಈಗ ಕಂಪ್ಯೂಟರಿನಲ್ಲಿ ಯಾರ ಸ್ವರ ಬೇಕಾದರೂ ಮಾಡ್ತಾರೆ ಸಂಜೀವಣ್ಣ. ಮೋಸ ಹೋಗಬೇಡಿ.”

ಫೋನಿನ ಒಳಗಿನ ಪ್ರಭಾಕರ ಸರ್ ಆಗ ತುಳುವಿನಲ್ಲಿ ಒಂದು ಮಾತು ಹೇಳಿದರು. ಅದು ಕಂಪ್ಯೂಟರಿನಿಂದ ಸಾಧ್ಯವಿರಲಿಲ್ಲ.

ಬೆನ್ನ ಹಿಂದಿನ ಕೈಗಳನ್ನು ಬಿಚ್ಚಿದೆ. ಅಷ್ಟರಲ್ಲಿ ಫ್ಯಾಕ್ಟರಿಯ ಒಳಗಿನಿಂದ ನಲ್ಲಿ ರಿಪೇರಿಯವರ ಚೀಲ ಹೆಗಲಿಗೆ ಹಾಕಿಕೊಂಡ ಒಬ್ಬ ಯುವಕ ತೇಗುತ್ತಾ ಬಂದ.

“ಊಟ ಆಯ್ತಾ?” ಎಂದು ಸಂಜೀವಣ್ಣ ಕೇಳಿದರು.

“ಆಯ್ತು ಮಾವ. ಉಪ್ಪಿನಕಾಯಿ ಭಾರೀ ಲಾಯ್ಕಿತ್ತು.”

ಆಮೇಲೆ ಅವನು ನನ್ನ ಕಡೆ ತಿರುಗಿ, ಬಹಳ ಸಂಕೋಚದಿಂದ, ಹೆಡ್ ಆಫೀಸಿನ ಗುರುತು ಚೀಟಿ ತೋರಿಸಿದ.

“ಇವನನ್ನು ಯಾಕೆ ಬಿಟ್ಟಿರಿ?” ಎಂದೆ.

ಸಂಜೀವಣ್ಣನಿಗೆ ಆಶ್ಚರ್ಯ. “ಸಂಬಂಧ ಉಂಟಲ್ಲ ಮೇಡಂ! ಬೆಂಗಳೂರು ಅಂತ ಹೇಳಿದ. ಅಮ್ಮನ ಊರು ಯಾವುದು ಕೇಳಿದೆ. ನೆರಿಯ ಅಂದ. ನೆರಿಯದಲ್ಲಿ ಯಾರ ಮನೆ ಕೇಳಿದೆ. ನೋಡಿದರೆ ನನ್ನ ಬಾವನ ಅಕ್ಕನ ಮಗಳ ಮಗ! ಇವನ ಅಮ್ಮ ಶಾಲೆಗೆ ಹೋಗುತ್ತಿದ್ದದ್ದು ನನ್ನ ಬಸ್ಸಿನಲ್ಲೇ. ಊಟ ಕೊಡದೆ ಕಳಿಸಲಿಕ್ಕೆ ಆಗ್ತದಾ? ನನ್ನ ಬುತ್ತಿಯನ್ನೇ ಕೊಟ್ಟೆ. ಗೇರುಬೀಜದ ಗೋದಾಮಿನಲ್ಲಿ ತಂಪು ಉಂಟು, ಅಲ್ಲೇ ಕೂತು ಉಣ್ಣು ಅಂತ ಬೀಗ ತೆಗೆದುಕೊಟ್ಟೆ.”

ಗೋದಾಮಿನ ಬೀಗ! ನಾನು ಗೇಟಿನ ಕಂಬಿ ಹಿಡಿದುಕೊಂಡೆ. ಅಭ್ಯಾಸ ಇತ್ತಲ್ಲ.

ಓನರು ಒಳಗೆ ಬಂದು, ಕುರ್ಚಿಯಲ್ಲಿ ಕೂತು, ನೀರು ಕುಡಿದು, ಪುಸ್ತಕ ತರಿಸಿ ದೊಡ್ಡ ಸ್ವರದಲ್ಲಿ ಓದತೊಡಗಿದರು. ಆರು ತಿಂಗಳಲ್ಲಿ ಆ ಪುಸ್ತಕವನ್ನು ಓದಿದ ಮೊದಲಿಗರು ಅವರೇ.

“ಹೆಸರು, ಲೋಹಿತ್. ಊರು, ಸಿದ್ಧಕಟ್ಟೆ. ಸಂಬಂಧ, ನನ್ನ ಅತ್ತಿಗೆಯ ತಮ್ಮ.

“ಹೆಸರು, ಹರಿಣಾಕ್ಷಿ. ಊರು, ವೇಣೂರು. ಸಂಬಂಧ, ನನ್ನ ತಮ್ಮನಿಗೆ ಮಾತಾಗಿತ್ತು, ಜಾತಕ ಕೂಡಿ ಬರಲಿಲ್ಲ. ಆದರೂ ಬೇಸರ ಇಲ್ಲ.

“ಹೆಸರು, ಹಮೀದ್. ಸಂಬಂಧ, ಇಲ್ಲ. ಆದರೆ ಬಂಗುಡೆ ಮೀನು ಉಂಟು.”

ಅವರು ತಲೆ ಎತ್ತಿ ನನ್ನನ್ನು ನೋಡಿದರು. “ಪ್ರತಿ ಪುಟಕ್ಕೂ ಹಸಿರು ಸಹಿ ಇದೆ. ಯಾರದು?”

ನಾನು ಕೈ ಎತ್ತಿದೆ, ಶಾಲೆಯಲ್ಲಿ ಎತ್ತಿದ ಹಾಗೆ.

ಅವರು ಓದುವುದನ್ನು ಮುಂದುವರಿಸಿದರು. ಅಂದಿನ ಪುಟದಲ್ಲಿ ಅವರದೇ ಹೆಸರಿತ್ತು: “ಸಂಬಂಧ, ಇಲ್ಲ. ಅಪ್ಪನ ಕಡೆ, ಅಮ್ಮನ ಕಡೆ, ಹೆಂಡತಿಯ ಕಡೆ ಮೂರೂ ವಿಚಾರಿಸಿದೆ. ಪಾಪ, ಯಾರೂ ಇಲ್ಲ.” ಅದರ ಹಿಂದಿನ ದಿನದ್ದು ನನ್ನ ಹೆಸರು. ನನ್ನ ಬಿ.ಕಾಂ., ನನ್ನ ಹುದ್ದೆ, ಹೆಸರಿನ ಮುಂದಿನ ಚುಕ್ಕಿಗಳು ಯಾವುದೂ ಇರಲಿಲ್ಲ. “ವಿಮಲ. ಊರು, ಮಾಣಿ. ಸಂಬಂಧ, ರಿಕ್ಷಾ ದಿನೇಶನ ಹೆಂಡತಿ. ಹಾಗಾಗಿ ಬಿಟ್ಟೆ.”

ನನ್ನನ್ನೂ ಬಿಟ್ಟದ್ದು ಹಾಗೆಯೇ!

ಪರಿಣಾಮ ಚುಟುಕಾಗಿತ್ತು. ನಮ್ಮ ಕಂಪೆನಿಗೆ ಆ ಫ್ಯಾಕ್ಟರಿಯ ಗುತ್ತಿಗೆ ಕೈತಪ್ಪಿತು. ಸಂಜೀವಣ್ಣನಿಗೆ ಏನಾಯಿತೆಂದರೆ, ಓನರು ಅವರನ್ನು ನೇರವಾಗಿ ಫ್ಯಾಕ್ಟರಿಯ ನೌಕರಿಗೇ ಸೇರಿಸಿಕೊಂಡರು. “ಮಾಲೀಕನನ್ನೇ ಒಂದು ಗಂಟೆ ಬಿಸಿಲಲ್ಲಿ ನಿಲ್ಲಿಸಿದ ಮನುಷ್ಯ. ಇಂಥ ಗಟ್ಟಿ ಆಳು ಎಲ್ಲಿ ಸಿಗ್ತಾನೆ? ಹೇಳಿಕೊಟ್ಟವರದು ತಪ್ಪು,” ಎಂದರಂತೆ. ಹೇಳಿಕೊಟ್ಟವಳು ನಾನೊಬ್ಬಳೇ. ಎಲ್ಲ ಅಪಾಯಗಳನ್ನೂ ಪಟ್ಟಿ ಮಾಡಿದ್ದೆ, ಬೆಂಕಿ, ಕಳ್ಳತನ, ಶಾರ್ಟ್ ಸರ್ಕ್ಯೂಟು. ಅಪಾಯ ಅಧಿಕಾರಿಯನ್ನು ಪಟ್ಟಿಗೆ ಸೇರಿಸಿರಲಿಲ್ಲ.

ತಿಂಗಳ ಕೊನೆಗೆ ಪ್ರಭಾಕರ ಸರ್ ಕರೆದು ಒಂದು ಕವರು ಕೊಟ್ಟರು. ಕೆಟ್ಟ ಮನುಷ್ಯರಲ್ಲ. ಬಯ್ಯಲಿಲ್ಲ.

“ಅನುಭವ ಪ್ರಮಾಣಪತ್ರ ಅಂತ ಬರೆದಿದ್ದೇನೆ ಮೇಡಂ. ಅನುಭವ ಅಂತೂ ಆಯ್ತಲ್ಲ, ನಮಗೆಲ್ಲರಿಗೂ.”

ಮಾಣಿಗೆ ಬರುವ ಬಸ್ಸಿನಲ್ಲಿ ಕೂರಲು ಸೀಟು ಸಿಕ್ಕಿತು. ಬೇಡವಾಗಿದ್ದ ದಿನವೇ ಸಿಕ್ಕಿತು. ಮಡಿಲಲ್ಲಿ ಕವರು ಇಟ್ಟುಕೊಂಡು ಯೋಚಿಸಿದೆ: ಅಮ್ಮನಿಗೆ ಹೇಗೆ ಹೇಳುವುದು? ಇಂಗ್ಲಿಷ್ ಓದಲು ಬಾರದವರಿಗೆ ಪ್ರಮಾಣಪತ್ರ ತೋರಿಸಿ, ಇದೇ ಖಾಯಂ ಆದ ಕಾಗದ ಎಂದು ಹೇಳಿದರೂ ನಡೆಯುತ್ತಿತ್ತು. ನಡೆಯುತ್ತಿತ್ತೋ ಇಲ್ಲವೋ, ಮಾಣಿ ಬಂದುಬಿಟ್ಟಿತು.

ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ದಿನೇಶ್ ನನ್ನ ಮುಖ ನೋಡಿ ರಿಕ್ಷಾ ಸ್ಟಾರ್ಟ್ ಮಾಡಿದರು. ದಾರಿಯುದ್ದಕ್ಕೂ ಒಂದು ತಮಾಷೆಯನ್ನೂ ಮಾಡಲಿಲ್ಲ. ಆಗಲೇ ನನಗೆ ಗೊತ್ತಾದದ್ದು, ವಿಷಯ ಬಹಳ ಕೆಟ್ಟಿದೆ ಎಂದು.

ಅಮ್ಮ ಜಗಲಿಯಲ್ಲಿ ತಡ್ಪೆ ಇಟ್ಟುಕೊಂಡು ಕೂತಿದ್ದರು. ನಾನು ಕವರಿನಿಂದ ಕಾಗದ ತೆಗೆದು ಅವರ ಕೈಗೆ ಕೊಟ್ಟೆ. “ಖಾಯಂ ಆಗಲಿಲ್ಲ ಅಮ್ಮ. ಕೆಲಸ ಹೋಯಿತು. ಇದು ಅದರ ಸರ್ಟಿಫಿಕೇಟು,” ಎಂದೆ. ಸುಳ್ಳು ನಾಲಗೆಗೆ ಬರಲೇ ಇಲ್ಲ.

ಅಮ್ಮ ತಂಬಾಕಿನ ಕೈಯನ್ನು ಸೀರೆಗೆ ಒರೆಸಿ, ಕಾಗದದ ಮೂಲೆಯನ್ನು ಎರಡು ಬೆರಳುಗಳ ನಡುವೆ ತಿಕ್ಕಿ ನೋಡಿದರು, ಬೀಡಿಯ ಎಲೆ ನೋಡುವ ಹಾಗೆ. ಬೆಳಕಿಗೆ ಹಿಡಿದರು. ಆಮೇಲೆ ಜೋಪಾನವಾಗಿ ಪಕ್ಕಕ್ಕಿಟ್ಟು ಸ್ವಲ್ಪ ಸರಿದು ಕೂತು, ನನಗೂ ಜಾಗ ಮಾಡಿದರು.

“ಎಲೆ ಒಳ್ಳೆಯದುಂಟು,” ಎಂದರು. “ಕತ್ತರಿ ಕಿಟಕಿಯಲ್ಲಿ ಉಂಟು, ತಾ. ನೀನು ಬೀಡಿ ಎಲೆ ಕತ್ತರಿಸು, ನಾನು ಕಟ್ಟುತ್ತೇನೆ. ಓದಿದ ಕೈ ಅಲ್ವಾ, ಅಳತೆಯಾದರೂ ಸರಿ ಬಂದೀತು.”