ಬೆಳ್ಳಟ್ಟಿಯ ಅಜ್ಜನೂ ಆನರ್ಸ್ ಪದವಿಯ ನಿಯಮಗಳೂ

ಸಮಯ: ಬೆಳಿಗ್ಗೆ ಹನ್ನೊಂದು ಗಂಟೆ. ಹವೆ: ಕಡು ಬಿಸಿಲು, ಕಪ್ಪತಗುಡ್ಡದ ಕಡೆಯಿಂದ ಒಣಗಾಳಿ, ಮೇಜಿನ ಮೇಲೆ ಕೆಂಪು ಧೂಳು. ಹಾಜರಿದ್ದವರು: ನಾನು, ಕಚೇರಿಯ ಸಿಪಾಯಿ, ಬೆಳ್ಳಟ್ಟಿಯಿಂದ ಬಂದ ಒಬ್ಬ ಹಿರಿಯ ರೈತರು, ಅವರ ಪತ್ನಿ, ಅವರ ಮೊಮ್ಮಗಳು. ಗೈರುಹಾಜರಿ: ತಿಳಿವಳಿಕೆ.

ಗದಗ-ಬೆಟಗೇರಿಯ ಒಂದು ಖಾಸಗಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಬೋಧಿಸಿ, ಪ್ರಾಚಾರ್ಯನಾಗಿ ನಿವೃತ್ತನಾದವನು ನಾನು. ನಿಯಮವನ್ನು ಅಕ್ಷರಶಃ ಪಾಲಿಸುವವನೆಂಬ ಕಾರಣಕ್ಕೆ ಆಡಳಿತ ಮಂಡಳಿಯವರು ಆನರ್ಸ್ ವಿಭಾಗದ ಉಸ್ತುವಾರಿಗೆ ನನ್ನನ್ನು ಮರಳಿ ಕರೆದರು. ಅಂದಿನಿಂದ ಇಂಥ ಪ್ರಸಂಗಗಳು ನಡೆಯುತ್ತಲೇ ಇವೆ. ನಿಲ್ಲಿಸುವ ಉಪಾಯ ಯಾವ ಸುತ್ತೋಲೆಯಲ್ಲಿಯೂ ಇಲ್ಲ.

ಹಿನ್ನೆಲೆ ಸರಳ. ಸರಕಾರವು ನಾಲ್ಕು ವರ್ಷದ ಪದವಿಯನ್ನು ತಂದಿತು; ಅನಂತರ ತೆಗೆಯಿತು. ನಡುವೆ ಸಿಕ್ಕವರಿಗೆ ನಾಲ್ಕನೆಯ ವರ್ಷ ಐಚ್ಛಿಕವಾಯಿತು. ನಮ್ಮ ವಿದ್ಯಾರ್ಥಿಗಳೆಲ್ಲ ಮೂರು ವರ್ಷಕ್ಕೇ ಪದವಿ ಪಡೆದು ಹೊರಟರು. ಉಳಿದವಳು ಈ ಬೆಳ್ಳಟ್ಟಿಯ ಹುಡುಗಿ ಒಬ್ಬಳೇ. ಆನರ್ಸ್ ಮುಗಿಸಿದರೆ ಎಂ.ಎ. ಒಂದೇ ವರ್ಷದ್ದು, ಆಮೇಲೆ ಕಾಲೇಜಿನಲ್ಲಿ ಪಾಠ ಹೇಳಬೇಕು. ಅದೊಂದೇ ಆಕೆಯ ಹಂಬಲ.

೧. ಮೂರೋ, ನಾಲ್ಕೋ

ಅಜ್ಜ ಕುಳಿತವರೇ ಕೇಳಿದರು: "ಯಾವುದರಾಗ ಫೇಲಾಗ್ಯಾಳ್ರಿ?"

"ಯಾವುದರಲ್ಲಿಯೂ ಇಲ್ಲ. ಪ್ರಥಮ ದರ್ಜೆ."

"ಮುಚ್ಚಿಡಬ್ಯಾಡ್ರಿ ಸರ. ಡಿಗ್ರಿ ಅಂದ್ರ ಮೂರು ವರ್ಷ. ನಮ್ಮ ಓಣ್ಯಾಗಿನ ಎಮ್ಮಿ ಕಾಯೋ ಹುಡುಗಗೂ ಗೊತ್ತೈತಿ. ನಾಕನೇ ವರ್ಷ ಯಾಕ ಬಂತು? ಮುಂಡರಗಿ ಬೀಗರು ಹುಡುಗಿ ನೋಡಾಕ ಬರ್ತೇವಂದಿದ್ದರು. ನಾಕು ವರ್ಷ ಅಂದಕೂಡ್ಲೆ ಸುಮ್ಮನಾದ್ರು."

ನಾನು ಕ್ರಮವಾಗಿ ವಿವರಿಸಿದೆ. ಅಂಕಗಳು ಉತ್ತಮವಾಗಿರುವವರಿಗೆ ಮಾತ್ರ ಈ ಅವಕಾಶ. ಆಕೆ ಚೆನ್ನಾಗಿ ಓದಿದ್ದಾಳೆ. ಆದ್ದರಿಂದಲೇ ಇನ್ನೂ ಒಂದು ವರ್ಷ.

ಅಜ್ಜ ಸಿಪಾಯಿಯ ಕಡೆಗೆ ತಿರುಗಿ, ನ್ಯಾಯ ಕೇಳುವವರ ಧಾಟಿಯಲ್ಲಿ ಹೇಳಿದರು: "ಕೇಳಿದ್ಯೇನಪಾ? ಜೈಲಿನ್ಯಾಗ ಚೊಲೊ ನಡಕೊಂಡವನ್ನ ಒಂದು ವರ್ಷ ಮೊದಲ ಬಿಡ್ತಾರ. ಇಲ್ಲಿ ಚೊಲೊ ನಡಕೊಂಡ್ರ ಒಂದು ವರ್ಷ ಜಾಸ್ತಿ ಇಟಗೋತಾರಂತ!"

ಹೋಗುವಾಗ "ಸಾಲಿ ಸಾಕು" ಎಂದು ಆಕೆಯನ್ನು ಕರೆದುಕೊಂಡೇ ಹೋದರು. ಆ ವಾರದಲ್ಲಿಯೇ ಆಕೆ ಮರಳಿ ಬಂದಳು. ಹೇಗೆಂದು ಕೇಳಿದೆ. "ಅಜ್ಜಾರು ಹೂಂ ಅಂದಾರ್ರಿ ಸರ. ಒಂದ ವರ್ಷ ಅಷ್ಟ. ಏನರ ಬಾಕಿ ಉಳೀತಂದ್ರ ಮತ್ತ ಕಳಸೂದಿಲ್ಲಂತ."

೨. ಗುಪ್ತ ಮತದಾನ

ಪ್ರತಿ ತರಗತಿಯೂ ಗುಪ್ತ ಮತದಾನದಿಂದ ಪ್ರತಿನಿಧಿಯನ್ನು ಆರಿಸಬೇಕೆಂದು ಸುತ್ತೋಲೆ ಬಂದಿತು. ಒಬ್ಬಳೇ ವಿದ್ಯಾರ್ಥಿನಿ ಎಂಬ ವಿನಾಯಿತಿ ಅದರಲ್ಲಿ ಇರಲಿಲ್ಲ. ನಾನು ಪೆಟ್ಟಿಗೆ ಇಡಿಸಿದೆ. ಆಕೆ ಪರದೆಯ ಹಿಂದೆ ಹೋಗಿ ಬಂದಳು. ಸಿಪಾಯಿಯ ಸಮಕ್ಷಮ ಪೆಟ್ಟಿಗೆ ತೆರೆದೆ.

ಚೀಟಿ ಖಾಲಿ.

"ಏನಿದು?" ಎಂದೆ.

"ಸರ, ಭಾಳ ವಿಚಾರ ಮಾಡಿದ್ನಿರಿ," ಎಂದಳು ತಲೆ ತಗ್ಗಿಸಿ, "ಭರೋಸಾ ಬರಲಿಲ್ಲರಿ."

ನಿಯಮದಂತೆ ಸ್ಥಾನವು ಇಂದಿಗೂ ಖಾಲಿ ಇದೆ.

೩. ಮನೆಗೊಬ್ಬರು

ನಿಗದಿತ ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಪ್ರವೇಶವಿಲ್ಲ. ಇದನ್ನು ಬೆಳ್ಳಟ್ಟಿಗೆ ಪತ್ರ ಬರೆದು ತಿಳಿಸಿದ್ದೆ. ಅದೇ ತಪ್ಪಾಯಿತು.

ಎಳ್ಳ ಅಮಾವಾಸ್ಯೆಯ ದಿನ. ಊರಿಗೆ ಊರೇ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಲು ಹೊಲಗಳಿಗೆ ಹೋಗಿತ್ತು. ರಜೆ ಘೋಷಣೆಯಾಗಿರಲಿಲ್ಲ, ಆದ್ದರಿಂದ ನಾನು ತರಗತಿಗೆ ಹೋದೆ. ಎರಡನೆಯ ಬೆಂಚಿನಲ್ಲಿ ಅಜ್ಜ ಕುಳಿತಿದ್ದರು. ಬಿಳಿ ಧೋತರ, ರುಮಾಲು. ನಾನು ಅಭ್ಯಾಸಬಲದಿಂದ ಹಾಜರಿ ಪುಸ್ತಕ ತೆರೆದು ಕ್ರಮಸಂಖ್ಯೆ ಒಂದನ್ನು ಕೂಗಿದೆ.

"ಹಾಜರ ಅದೇನ್ರಿ," ಎಂದು ಅಜ್ಜ ಎದ್ದು ನಿಂತರು.

"ಆಕೆ ಎಲ್ಲಿ?"

"ಚರಗಕ್ಕ ಹೋಗ್ಯಾಳ್ರಿ. ಹಬ್ಬದಾಗ ಮನಿ ಹೆಣ್ಣಮಗಳು ಇರದಿದ್ರ ನಡೀತೈತೇನು? ಅದಕ್ಕ ನಾ ಬಂದೇನಿ. ಊರಾಗ ಕೆರಿ ಹೂಳ ತೆಗಿಯೂದಿರಲಿ, ಪಂಚರ ಸಭಾ ಇರಲಿ, ಮನಿಗೊಬ್ಬರು ಬಂದ್ರ ಆತು. ಯಾರು ಬಂದ್ರು ಅಂತ ಯಾರೂ ಕೇಳೂದಿಲ್ಲ. ಹಾಕ್ರಿ ಹಾಜರಿ."

ಹಾಕಲಾಗದು ಎಂದೆ. ಕೇಳಿಯಾದರೂ ಹೋಗುತ್ತೇನೆ ಎಂದರು. ಪಾಠ ನಡೆಸದೆ ಇರಲು ನನಗೆ ಅಧಿಕಾರವಿರಲಿಲ್ಲ. ಅವಿಭಕ್ತ ಕುಟುಂಬದಲ್ಲಿನ ಕಲಹಗಳನ್ನು ಕುರಿತು ಪೂರ್ಣ ಅವಧಿ ಮಾತನಾಡಿದೆ. ಅಜ್ಜ ಕದಲದೆ ಕೇಳಿದರು. ಇಷ್ಟು ಶಿಸ್ತಿನ ವಿದ್ಯಾರ್ಥಿಯನ್ನು ನಾನು ಬಹಳ ಕಾಲದಿಂದ ಕಂಡಿರಲಿಲ್ಲ. ಗಂಟೆ ಹೊಡೆಯಿತು. ಅವರು ರುಮಾಲು ಸರಿಪಡಿಸಿಕೊಂಡು ಎದ್ದರು.

"ಅಣ್ಣತಮ್ಮರ ಜಗಳ, ಅತ್ತಿ-ಸೊಸಿ ಜಗಳ, ಇದ ಏನ್ರಿ ಪಾಠ? ಇದನ್ನ ಕೇಳಾಕ ಬಸ್ಸಿನ್ಯಾಗ ನಿಂತು ಬೆಟಗೇರಿತನ ಬರಬೇಕೇನು? ಇದು ನಮ್ಮ ಪಡಸಾಲ್ಯಾಗ ದಿನಾ ನಡೀತೈತಿ. ನೀವ ಅಲ್ಲಿಗೆ ಬಂದು ಹಾಜರಿ ಹಾಕ್ರಿ!"

೪. ಅಂತೂರ ಬೆಂತೂರಿನ ಒಮ್ಮತ

ಆನರ್ಸ್ ಪದವಿಗೆ ಸಂಶೋಧನಾ ಪ್ರಬಂಧ ಕಡ್ಡಾಯ. ಮಾರ್ಗದರ್ಶಕ ನಾನೇ. ವಿಷಯ: ಗ್ರಾಮೀಣ ಕುಟುಂಬಗಳಲ್ಲಿ ತೀರ್ಮಾನ ಕೈಗೊಳ್ಳುವವರು ಯಾರು. ಸ್ವಂತ ಊರು ಬೇಡವೆಂದು ಅಂತೂರ ಬೆಂತೂರನ್ನು ಆರಿಸಿ, ಮನೆಮನೆಗೆ ಹೋಗಿ ಹೆಂಗಸರನ್ನು ಕೇಳಿಬರಲು ಕಳುಹಿಸಿದೆ.

ಉತ್ತರಗಳನ್ನು ಓದಿ ನಾನು ದಿಗ್ಭ್ರಮೆಗೊಂಡೆ. ಪ್ರತಿ ಮನೆಯಲ್ಲಿಯೂ ಒಂದೇ ಉತ್ತರ: ತೀರ್ಮಾನ ಯಜಮಾನರದೇ. ಒಂದು ಅಪವಾದವೂ ಇಲ್ಲ. ಸಮಾಜಶಾಸ್ತ್ರದಲ್ಲಿ ಇಂಥ ಒಮ್ಮತ ಅಸಾಧ್ಯ.

"ಹೇಗೆ ಕೇಳಿದೆ?"

"ನಾ ಬರೋಬ್ಬರಿ ಕೇಳಿದ್ನಿರಿ ಸರ. ಆದ್ರ ಪರ ಊರಾಗ ಒಬ್ಬಾಕಿನ್ನ ಬಿಡೂದಿಲ್ಲಂತ ಅಜ್ಜಾರು ಸಂಗಾಟ ಬಂದಿದ್ರು. ನಾ ಕೇಳೂದಕ್ಕೂ ಆ ಹೆಣ್ಣಮಕ್ಕಳು ಬಾಯಿ ತಗಿಯೂದಕ್ಕೂ ನಡುವ ಅಜ್ಜಾರ 'ಯಜಮಾನ್ರು, ಬರಕೊ' ಅಂತಿದ್ರು. ಅವರು ಸೆರಗು ಸರಿ ಮಾಡಿಕೊಂಡು ಹೂಂ ಅಂತಿದ್ರು."

ನಾನು ಅಷ್ಟನ್ನೂ ರದ್ದುಪಡಿಸಿದೆ. ಸಂದರ್ಶನ ನೀಡಿದವರು ಒಬ್ಬರೇ, ಅವರೂ ಬೆಳ್ಳಟ್ಟಿಯವರು.

ಎರಡನೆಯ ಸಲ ಜೊತೆಗೆ ಹೋದವರು ಅಜ್ಜಿ. ಅವರು ಮನೆಗಳಿಗೆ ಹೋಗಲೇ ಇಲ್ಲ. ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಕುಳಿತರು. ಜೋಳ ಬೀಸಿಸಲು ಬಂದ ಅವೇ ಹೆಂಗಸರು ಗಿರಣಿಯ ಸದ್ದಿನ ಮರೆಯಲ್ಲಿ ಬಾಯಿಬಿಟ್ಟರು. ಅವರಲ್ಲಿ ಒಬ್ಬರ ಹೇಳಿಕೆಯನ್ನು ಹುಡುಗಿ ಯಥಾವತ್ತಾಗಿ ದಾಖಲಿಸಿದ್ದಳು: "ತೀರ್ಮಾನ ಅವರದರೀ. ಏನಂತ ತೀರ್ಮಾನ ಮಾಡಬೇಕು ಅನ್ನೂದು ಅಷ್ಟ ನಾ ಹೇಳ್ತೇನಿ."

೫. ಮೌಖಿಕ ಪರೀಕ್ಷೆ

ಮೌಖಿಕ ಪರೀಕ್ಷೆ ಸಾರ್ವಜನಿಕವಾಗಿರಬೇಕೆಂಬುದು ನಿಯಮ. ಸಾರ್ವಜನಿಕರಾಗಿ ಅಜ್ಜ-ಅಜ್ಜಿ ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ಸಿಪಾಯಿ ಬಾಗಿಲಲ್ಲಿ ನಿಂತ.

ಹೊರಗಿನಿಂದ ಬಂದ ಪರೀಕ್ಷಕರು ಪ್ರಬಂಧವನ್ನು ಮೇಜಿನ ಮೇಲಿಟ್ಟು, ಕನ್ನಡಕ ತೆಗೆದರು. "ಎಲ್ಲವೂ ಗಿರಣಿಯ ಮಾತು. ಹೆಂಗಸರು ಜಂಬಕ್ಕೆ ಹೇಳಿರಬಹುದು. ಕಣ್ಣಾರೆ ಕಂಡ ಸಾಕ್ಷ್ಯ ಒಂದೂ ಇಲ್ಲ. ಇನ್ನೊಂದು ಊರು ಸೇರಿಸಿ, ಮುಂದಿನ ವರ್ಷ ಸಲ್ಲಿಸಲಿ."

ಮುಂದಿನ ವರ್ಷವೆಂಬುದು ಆಕೆಗೆ ಇರಲಿಲ್ಲ. ನನಗದು ಗೊತ್ತಿತ್ತು. ಆದರೆ ಪರೀಕ್ಷಕರ ಮಾತು ನಿಯಮಬದ್ಧವಾಗಿತ್ತು. ಮಾರ್ಗದರ್ಶಕನು ನಡುವೆ ಬಾಯಿ ಹಾಕುವಂತಿಲ್ಲ. ಹಾಕಲಿಲ್ಲ. ಜೀವನವಿಡೀ ಪಾಲಿಸಿದ ನಿಯಮಗಳ ಮೇಲೆ ಆ ಗಳಿಗೆಯಲ್ಲಿ ನನಗೆ ಎಲ್ಲಿಲ್ಲದ ಸಿಟ್ಟು ಬಂದಿತು.

ಹುಡುಗಿ ಒಮ್ಮೆ ಹಿಂದಿನ ಸಾಲನ್ನು ನೋಡಿದಳು. ಅನಂತರ ನಿಧಾನವಾಗಿ ಹೇಳಿದಳು: "ಕಣ್ಣಾರೆ ಕಂಡಿದ್ದು ಒಂದೈತ್ರಿ ಸರ. ಪ್ರಬಂಧದಾಗ ಬರದಿಲ್ಲ."

"ಎಲ್ಲಿಯದು?"

"ನಮ್ಮ ಮನೀದರಿ. ಹ್ವಾದ ವರ್ಷ ಅಜ್ಜಾರು ಸಾಲಿ ಸಾಕಂದ್ರು. ಅಜ್ಜಿ ಏನೂ ಅನಲಿಲ್ಲರಿ. ಊಟಕ್ಕ ಹಾಕಿದ್ಲು, ಹಾಸಿಗಿ ಹಾಸಿದ್ಲು. ಎಲಿ-ಅಡಕಿ ಕುಟ್ಟಿ ಕೊಡೂದೊಂದ ಬಿಟ್ಲು. ಅಜ್ಜಾರಿಗೆ ಹಲ್ಲಿಲ್ಲರಿ. ಒಂದಿನ ಇಡೀ ಅಡಕಿ ಹಂಗ ಬಾಯಾಗ ಇಟಗೊಂಡು ಕುಂತ್ರು. ಮರದಿನ ಎದ್ದವರ ಪಡಸಾಲ್ಯಾಗ ಎಲ್ಲಾರನ್ನೂ ಕರದು, 'ನಮ್ಮ ಹುಡುಗಿ ಓದಲಿ, ಇದು ನನ್ನ ತೀರ್ಮಾನ, ಯಾರೂ ಅಡ್ಡ ಬರಬ್ಯಾಡ್ರಿ' ಅಂದ್ರು."

ಸಿಪಾಯಿ ಬಾಗಿಲ ಆಚೆಗೆ ಓಡಿದ. ಹೊರಗಿನಿಂದ ಅವನ ನಗು ಕೇಳಿಸಿತು. ಅಜ್ಜಿ ಸೆರಗಿನ ಅಂಚನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದರು. ಪರೀಕ್ಷಕರು ಕನ್ನಡಕ ಹಾಕಿಕೊಂಡು, ಲೇಖನಿ ಬಿಚ್ಚಿ, ಉತ್ಸಾಹದಿಂದ ಮುಂದಕ್ಕೆ ಬಾಗಿದರು: "ಇಂಥವು ಇನ್ನೂ ಇವೆಯೇ?"

"ಭಾಳ ಅದಾವ್ರಿ," ಎಂದಳು ಹುಡುಗಿ.

ಹಿಂದಿನ ಸಾಲಿನಲ್ಲಿ ಬೆಂಚು ಕಿರುಗುಟ್ಟಿತು. ಅಜ್ಜ ಎದ್ದು ನಿಂತಿದ್ದರು. ಮೊಮ್ಮಗಳ ಕೈ ಹಿಡಿದು ಎಳೆದುಕೊಂಡು ಹೋಗುತ್ತಾರೆಂದು ನಾನು ನಿಶ್ಚಯಿಸಿಕೊಂಡೆ. ಅವರು ನೇರವಾಗಿ ಪರೀಕ್ಷಕರ ಮೇಜಿನ ಬಳಿಗೆ ಬಂದು, ಎರಡೂ ಕೈ ಜೋಡಿಸಿ, ಸಭೆಗೆಲ್ಲ ಕೇಳುವಂತೆ ತೀರ್ಪು ಕೊಟ್ಟರು:

"ಸಾಹೇಬ್ರ, ಈಕಿನ್ನ ಇವತ್ತ ಪಾಸ್ ಮಾಡಿ ಕಳಸಿಬಿಡ್ರಿ. ಇನ್ನೊಂದು ವರ್ಷ ಇಟಗೊಂಡ್ರ ನಮ್ಮನಿ ಸುದ್ದಿ ಇನ್ನೂ ಏನೇನು ಹೊರಗ ಹಾಕ್ತಾಳೋ!"