‘ಬಾ’ ಎಂಬಲ್ಲಿ ನಿಂತ ಪ್ಲೇಟು

ನನ್ನ ಭಾವನಿಗೆ ಮನುಷ್ಯರ ಮಾತು ಕೇಳಿಸುವುದಿಲ್ಲ. ಕಿವಿ ಮಂದವೆಂದು ತಿಳಿಯಬೇಡಿ! ಗ್ರಾಮಫೋನಿನಲ್ಲಿ ತಿರುಗುವ ಹಾಡಿನ ಪ್ಲೇಟಿನ ಮೇಲೆ ಒಂದು ಧೂಳಿನ ಕಣ ಮುಳ್ಳಿಗೆ ತಾಗಿದರೆ ಆ ಸದ್ದು ಅವರಿಗೆ ಹಿತ್ತಲಲ್ಲಿದ್ದರೂ ಕೇಳಿಸುತ್ತದೆ. ಹೆಂಡತಿ ಪಕ್ಕದಲ್ಲೇ ನಿಂತು ಅಕ್ಕಿ ಮುಗಿದಿದೆ ಎಂದು ಕೂಗಿದರೆ ಮಾತ್ರ ಕೇಳಿಸುವುದಿಲ್ಲ. ಇಂಥ ಕಿವಿಯನ್ನು ದೇವದತ್ತವೆನ್ನಬೇಕೋ, ಸ್ವಯಾರ್ಜಿತವೆನ್ನಬೇಕೋ? ಕಾರವಾರದ ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದ ನನಗೂ ಈ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ಇವರು ನನ್ನ ಹೆಂಡತಿಯ ಅಣ್ಣ. ಇರುವುದು ಅವರ್ಸಾದಲ್ಲಿ. ಅವರು ನನ್ನನ್ನೂ ನಾನು ಅವರನ್ನೂ ‘ಭಾವಾ’ ಎಂದೇ ಕರೆಯುತ್ತೇವೆ. ನಮ್ಮಿಬ್ಬರ ನಡುವೆ ಸಮನಾಗಿ ಹಂಚಿಕೆಯಾದದ್ದು ಅದೊಂದೇ.

ಕ್ಯಾಸೆಟ್ಟುಗಳೂ ಹಳತಾಗಿ, ಒಂದೇ ಸಿ.ಡಿ.ಯಲ್ಲಿ ನೂರಾರು ಹಾಡು ತುಂಬಿ ಕಾರವಾರದ ಪೇಟೆಯ ರಸ್ತೆಬದಿಯಲ್ಲಿ ಮಾರುತ್ತಿದ್ದ ಕಾಲ. ಲೋಕವೆಲ್ಲ ಮುಂದೆ ನಡೆದಾಗ ಭಾವ ಗುಜರಿ ಅಂಗಡಿಗಳನ್ನು ಹೊಕ್ಕು, ಜನ ಎಸೆದ ಪ್ಲೇಟುಗಳನ್ನು ಮನೆಗೆ ಹೊರತೊಡಗಿದರು. ಸಿ.ಡಿ. ಕೊಳ್ಳಬಾರದೇ ಎಂದು ನಾನು ಸದುದ್ದೇಶದಿಂದ ಸೂಚಿಸಿದೆ.

“ಅಕ್ಕಿ ಮೂಟೆ ಹಾಂಗೆ ಹಾಡು ತುಂಬಿದ್ರೆ ಉಣ್ಣೂದು ಯಾರು ಮಾರಾಯಾ? ನಿಂಗೆ ಹಾಡು ಬೇಕೋ, ದಾಸ್ತಾನು ಬೇಕೋ?” ಎಂದರು. ಎದುರಿಗೆ ನೆಂಟರಿದ್ದರು. ನಕ್ಕರು. ಯಾರು ಯಾರು ನಕ್ಕರು, ಯಾರು ನಗುವನ್ನು ಕೆಮ್ಮಿನಲ್ಲಿ ಮುಚ್ಚಿದರು ಎಂಬುದು ನನಗೆ ಇಂದಿಗೂ ನೆನಪಿದೆ.

ಅವರ ಉಪ್ಪರಿಗೆಯಲ್ಲಿ ಕೂತು ಹಾಡು ಕೇಳುವುದು ನ್ಯಾಯಪೀಠದೆದುರು ನಿಲ್ಲುವುದಕ್ಕಿಂತ ಕಷ್ಟ. ಫ್ಯಾನು ಹಾಕುವಂತಿಲ್ಲ. ಹೆಂಗಸರು ಬಳೆ ಸರಿಸುವಂತಿಲ್ಲ. ತಿನ್ನಲು ಚಕ್ಕುಲಿಯಂಥದ್ದನ್ನು ಕೊಡುವುದಿಲ್ಲ. ಅವಲಕ್ಕಿ ಕೊಡುತ್ತಾರೆ, ಅದೂ ನೆನೆಸಿದ್ದು! ಒಮ್ಮೆ ನಾನು ಅಲ್ಲಿ ಸೀನಿದೆ. ಸೀನು ಯಾರ ಅಧೀನ? ಭಾವ ಮುಳ್ಳನ್ನು ಎತ್ತಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, “ಮುಗೀತೋ, ಇನ್ನೂ ಉಂಟೋ?” ಎಂದು ವಿಚಾರಿಸಿದರು. ಆಮೇಲೆ ಪ್ಲೇಟನ್ನು ಮೊದಲಿನಿಂದ ಹಾಕಿದರು. ನನ್ನೊಂದು ಸೀನಿನ ದೆಸೆಯಿಂದ ಇಡೀ ಸಭೆ ಅಷ್ಟುದ್ದದ ಆಲಾಪವನ್ನು ಮತ್ತೊಮ್ಮೆ ಅನುಭವಿಸಬೇಕಾಯಿತು.

ಆದರೆ ಆ ಪ್ರಸಿದ್ಧ ಕಿವಿಯೂ ಒಮ್ಮೆ ಸೋತಿತು ಎಂಬುದನ್ನು ದಾಖಲಿಸಲು ನನಗೆ ಸಂತೋಷವಾಗುತ್ತದೆ. ಒಂದು ಮಧ್ಯಾಹ್ನ ಹೊಸದಾಗಿ ತಂದ ಪ್ಲೇಟು ಹಾಕಿದ್ದರು. ಹಾಡಿನ ಹಿಂದೆ ಚರಚರ ಸದ್ದು. ಭಾವ ಪ್ಲೇಟನ್ನು ಅಂಟುವಾಳದ ನೀರಲ್ಲಿ ತೊಳೆದು, ಹಳೆಯ ಪಂಚೆಯಿಂದ ಒರೆಸಿ ಮತ್ತೆ ಹಾಕಿದರು. ಚರಚರ! ಮುಳ್ಳು ಬದಲಿಸಿದರು. ಚರಚರ! ಗುಜರಿಯವನಿಗೆ ಹಿಡಿಶಾಪ ಹಾಕುತ್ತಿರುವಾಗ ಕೆಳಗಿನಿಂದ ಅವರ ಹೆಂಡತಿ, ನಮ್ಮ ಅತ್ತಿಗೆ, ಕೂಗಿದರು: “ಬಂಗಡೆ ಹುರ್ದಾಯ್ತು, ಉಣ್ಲಿಕ್ಕೆ ಬನ್ನಿ!” ಚರಚರ ತಟಕ್ಕನೆ ನಿಂತಿತು. ಅಂದಿನಿಂದ ಆ ಮನೆಯಲ್ಲಿ ಹಾಡಿರುವಾಗ ಮೀನು ಹುರಿಯಬಾರದು, ಮೀನು ಹುರಿಯುವಾಗ ಹಾಡು ಹಾಕಬಾರದು ಎಂಬ ನಿಯಮ ಜಾರಿಗೆ ಬಂತು. ಅತ್ತಿಗೆ ಜಾಣೆ, ಮೌನ ಬೇಕಾದಾಗಲೆಲ್ಲ ಬಂಗಡೆ ತರಿಸತೊಡಗಿದರು.

ಅಗಸೂರಿನ ಪ್ರಕರಣವನ್ನಂತೂ ನಾನು ಬಿಡುವಂತಿಲ್ಲ. ಅಲ್ಲಿನ ಒಂದು ಮನೆಯಿಂದ, ‘ಅಟ್ಟದ ಮೇಲೆ ಹಳೇ ಪ್ಲೇಟು ರಾಶಿ ಬಿದ್ದಿವೆ, ಬೇಕಾದ್ರೆ ಒಯ್ಯಿ’ ಎಂದು ಹೇಳಿಕಳಿಸಿದ್ದರು. ಭಾವ ನನ್ನನ್ನೂ ರಿಕ್ಷಾಕ್ಕೆ ತುಂಬಿಕೊಂಡು ಹೊರಟರು. ಹೋಗಿ ಏಣಿ ಹತ್ತಿ ನೋಡಿದರೆ, ಹಿಂದಿನ ಕಾಲದ ಮದುವೆಗಳಲ್ಲಿ ಉಪ್ಪಿಟ್ಟು ಹಂಚುತ್ತಿದ್ದ ಪಿಂಗಾಣಿ ಪ್ಲೇಟುಗಳು!

“ಇವೇ ಅಲ್ಲವೋ? ಪ್ಲೇಟು ಅಂದ್ರಲ್ಲ?” ಎಂದರು ಮನೆಯೊಡತಿ.

ಬೇರೆ ಯಾರಾದರೂ ನಾಚಿ ಇಳಿಯುತ್ತಿದ್ದರು. ಭಾವ ಒಂದನ್ನು ಎತ್ತಿ, ಉಗುರಿನಿಂದ ಟಿಂಗೆಂದು ಬಾರಿಸಿ, ಕಿವಿಗೆ ಹಿಡಿದು, “ನಾದ ಉಂಟು” ಎಂದು ತೀರ್ಪಿತ್ತರು. ಅಷ್ಟನ್ನೂ ನನ್ನ ತೊಡೆಯ ಮೇಲೆ ಹೇರಿಕೊಂಡು ಅವರ್ಸಾಕ್ಕೆ ತಂದೆವು. ದಾರಿಯ ಒಂದೊಂದು ಹೊಂಡವೂ ನನ್ನ ಮೊಣಕಾಲಿಗೆ ಇಂದಿಗೂ ನೆನಪಿದೆ. ಅತ್ತಿಗೆ ಮಾತ್ರ ಕೈಮುಗಿದರು: “ಅಂತೂ ಜಲ್ಮದಲ್ಲಿ ಒಂದು ಸಲ ಉಪಯೋಗಕ್ಕೆ ಬರು ಪ್ಲೇಟು ತಂದ್ರಿ!”

ಇಷ್ಟೆಲ್ಲ ಸಹಿಸಿದೆ. ಸಹಿಸಲಾರದ್ದು ಮುಂದಿದೆ.

ಭಾವನಿಗೆ ಗೀರು ಬಿದ್ದ ಪ್ಲೇಟೆಂದರೆ ಅಕ್ಷಮ್ಯ ಅಪರಾಧ. ಅದೇ ಹಾಡಿನ ಸ್ವಚ್ಛ ಪ್ರತಿ ಸಿಗುವ ತನಕ ಊರೂರು ಹುಡುಕುತ್ತಾರೆ. ಸಿಕ್ಕಿತೆಂದರೆ ಗೀರು ಬಿದ್ದದ್ದು ಅಡುಗೆಮನೆಗೆ. ಅಲ್ಲಿ ಅತ್ತಿಗೆ ಅದನ್ನು ಉಪ್ಪಿನಕಾಯಿ ಭರಣಿಯ ಮುಚ್ಚಳ ಮಾಡಿ, ನಡುವಿನ ತೂತಿಗೆ ಬಾಟಲಿಯ ಬಿರಡೆ ತುರುಕುತ್ತಾರೆ. ಎಂತೆಂಥ ಗಾಯಕರು ಅಲ್ಲಿ ಮಾವಿನಮಿಡಿ ಕಾಯುತ್ತ ಕೂತಿದ್ದಾರೋ!

ನನ್ನ ಮನೆಯಲ್ಲಿ ಇದ್ದದ್ದೇ ಕೆಲವು ಪ್ಲೇಟು. ಅವುಗಳಲ್ಲೊಂದು ಭಾವಗೀತೆಯದು, ನಮ್ಮ ಮದುವೆಯ ಹೊಸದರಲ್ಲಿ ಕೊಂಡದ್ದು. ಯಾವ ಹಾಡೆಂದು ಹೇಳುವುದಿಲ್ಲ. ಹೇಳಿದರೆ ಭಾವ ಅದರ ವಿಚಾರ ವಿವರಿಸಲು ನಿಮ್ಮ ಮನೆಗೇ ಬಂದಾರು. ಒಂದು ಮಳೆಗಾಲ ಅದಕ್ಕೆ ಬೆಳ್ಳಗೆ ಬೂಷ್ಟು ಹಿಡಿದಿತ್ತು. ಚೌತಿಯ ಮುನ್ನಾದಿನ ಹಿತ್ತಾಳೆ ಬೆಳಗಲು ಕೂತಿದ್ದ ನನ್ನ ಹೆಂಡತಿ ಅದನ್ನೂ ಒಯ್ದು, ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿಬಿಟ್ಟಳು! ಕೇಳಿದರೆ, “ದೀಪ ಬೆಳಗ್ದೆ, ತಂಬಿಗೆ ಬೆಳಗ್ದೆ, ಇದೊಂದೇ ಕಪ್ಪಗೆ ಕೂತಿತ್ತು, ಪಾಪ!” ಎಂದಳು. ಸುದ್ದಿ ತಿಳಿದ ಭಾವ ದೀಪಾವಳಿಯ ತನಕ ತಂಗಿಯೊಡನೆ ಮಾತು ಬಿಟ್ಟಿದ್ದರು.

ಅಂದಿನಿಂದ ಆ ಹಾಡಿನಲ್ಲಿ ‘ಬಾ’ ಎಂಬ ಕರೆ ಬಂದೊಡನೆ ಮುಳ್ಳು ಸಿಕ್ಕಿಬೀಳುತ್ತಿತ್ತು. ಬಾ… ಬಾ… ಬಾ… ಅಡುಗೆಮನೆಯಿಂದ ಅವಳು, “ಬಂದೆ ಮಾರಾಯಾ, ಬಂದೆ!” ಎಂದು ಗಾಯಕನಿಗೆ ಉತ್ತರಿಸುತ್ತ ಬಂದು, ಕೈಯಲ್ಲಿದ್ದ ಸೌಟಿನ ಹಿಡಿಯಿಂದ ಹಾಡಿನ ಪೆಟ್ಟಿಗೆಯನ್ನು ತಟ್ಟುತ್ತಿದ್ದಳು. ಮುಳ್ಳು ಹಾರಿ ಹಾಡು ಮುಂದೆ ಸಾಗುತ್ತಿತ್ತು. ಅವಳು ತೀರಿಕೊಂಡ ಮೇಲೂ ನಾನು ಆ ಪ್ಲೇಟು ಹಾಕುತ್ತಿದ್ದೆ. ‘ಬಾ’ ಬಂದಾಗ ನಾನೇ ಎದ್ದು ತಟ್ಟುತ್ತಿದ್ದೆ. ಅವಳ ಧ್ವನಿಯನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಮನೆಯಲ್ಲಿ ಅವಳದೆಂದು ಉಳಿದ ಸದ್ದು ಆ ಗೀರಿನದೊಂದೇ.

ಇಂಥ ಪ್ಲೇಟನ್ನು ಭಾವ ಒಂದು ಮಳೆಗಾಲ, “ಬೂಷ್ಟು ಹಿಡ್ದದೆ, ತೊಳ್ದು ಕೊಡ್ತೆ” ಎಂದು ಒಯ್ದರು. ಚೌತಿ ಕಳೆದ ಮೇಲೆ ತಂದುಕೊಟ್ಟರು. ಅದೇ ಹೊದಿಕೆ, ಅದರ ಮೂಲೆಯಲ್ಲಿ ಅದೇ ಚಹಾದ ಕಲೆ. ಹಾಕಿದೆ. ಹಾಡು ಸರಾಗವಾಗಿ ಹರಿಯಿತು. ‘ಬಾ’ ಎಂಬಲ್ಲಿ ನಾನು ಸೌಟು ಹಿಡಿದು ಎದ್ದೆ. ಹಾಡು ನನ್ನನ್ನು ದಾಟಿ ಮುಂದೆ ಹೋಯಿತು, ಮುಗಿದೇ ಹೋಯಿತು! ಸೌಟು ಹಿಡಿದುಕೊಂಡು ನಾನು ಸುಮ್ಮನೆ ನಿಂತಿದ್ದೆ.

ಹೊದಿಕೆಯೊಳಗೆ ಬೇರೆ ಪ್ರತಿ ಇಟ್ಟು ಕೊಟ್ಟಿದ್ದರು, ಪುಣ್ಯಾತ್ಮರು!

ಸಿಕ್ಕ ಬಸ್ಸು ಹತ್ತಿ ಅವರ್ಸಾಕ್ಕೆ ಹೋದೆ. ದಾರಿಯುದ್ದಕ್ಕೂ ಸಿ.ಡಿ., ಸೀನು, ಅಗಸೂರು ಎಲ್ಲವನ್ನೂ ಕ್ರಮವಾಗಿ ಜೋಡಿಸಿಕೊಂಡಿದ್ದೆ. ಆದರೆ ತಲೆಯಲ್ಲಿ ತಿರುಗುತ್ತಿದ್ದುದು ಭರಣಿಗಳ ಯೋಚನೆ. ನೇರ ಅಡುಗೆಮನೆಗೆ ನುಗ್ಗಿ ಭರಣಿಗಳ ಮುಚ್ಚಳಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿಯತೊಡಗಿದೆ.

“ಭಾವಾ, ಉಪ್ಪಿನಕಾಯಿ ಬೇಕಾದ್ರೆ ಕೇಳಬಾರ್ದೋ?” ಎಂದರು ಅತ್ತಿಗೆ ಗಾಬರಿಯಿಂದ. “ಹಾಕಿಕೊಡ್ತಿದ್ದೆ. ಸೌಟೊಂದು ಇಲ್ಲ ನೋಡಿ, ಊಟ ಆದ್ಮೇಲೆ ಇವರು ಮೇಲೆ ತಗಂಡು ಹೋಗಿ ಕೂತಾರೆ. ಈಗೀಗ ದಿನಾ ಇದೇ ಕತೆ.”

ಕೈ ನಿಂತಿತು. ಉಪ್ಪರಿಗೆಯಿಂದ ಸದ್ದು ಇಳಿದು ಬರುತ್ತಿತ್ತು. ಬಾ… ಬಾ… ಬಾ…

ಅಬ್ಬಾ! ಮಾವಿನಮಿಡಿಯ ಭರಣಿಗೆ ಒರಗಿ ನಿಂತು ಒಮ್ಮೆ ಉಸಿರು ಬಿಟ್ಟೆ. ಗೀರು ಇತ್ತು. ಇದ್ದಲ್ಲೇ ಇತ್ತು.

ಮೇಲೆ ಭಾವ ಪೆಟ್ಟಿಗೆಯ ಮುಂದೆ ಕೂತಿದ್ದರು. ಧೂಳಿನ ಕಣಕ್ಕೆ ಎದ್ದು ನಿಲ್ಲುವ ಆ ಮನುಷ್ಯ, ಸಿಕ್ಕಿಬಿದ್ದ ಮುಳ್ಳನ್ನು ಎತ್ತದೆ, ತೊಡೆಯ ಮೇಲೆ ಸೌಟು ಇಟ್ಟುಕೊಂಡು ಸುಮ್ಮನೆ ಕೇಳುತ್ತಿದ್ದರು.

“ನನ್ನ ಪ್ಲೇಟು” ಎಂದೆ.

“ಹೌದು” ಎಂದರು. “ಕೇಳಿದ್ರೆ ಕೊಡ್ತಿದ್ಯೋ?”

“ಇಲ್ಲ.”

“ಅದ್ಕೇ ಕೇಳ್ಲಿಲ್ಲ.” ಸೌಟಿನ ಹಿಡಿ ಸವರುತ್ತ ಹೇಳಿದರು: “ಅಂಟುವಾಳ ಹಾಕಿ ತೊಳ್ದೆ ಭಾವಾ. ಬೂಷ್ಟು ಹೋಯ್ತು. ಅವಳು ತಿಕ್ಕಿದ್ದು ಹೋಗ್ಲಿಲ್ಲ.”

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಪಟ್ಟಿಯನ್ನು ಅಲ್ಲಿಗೇ ಬಿಟ್ಟು ಅವರ ಪಕ್ಕದಲ್ಲಿ ಕೂತೆ. ಬಾ… ಬಾ… ಬಾ…

“ತಟ್ಟಿ ಭಾವಾ” ಎಂದೆ ಕೊನೆಗೆ.

“ತಟ್ಟಬಹುದು. ತಟ್ಟಿದ್ರೆ ಮುಂದೆ ಹೋಗ್ತದಲ್ಲ?”

ಆಗ ನನಗೆ ಸೀನು ಬಂತು. ತಡೆಯಲಾಗಲಿಲ್ಲ, ಸೀನಿಯೇಬಿಟ್ಟೆ. ಭಾವ ನನ್ನತ್ತ ತಿರುಗಿಯೂ ನೋಡಲಿಲ್ಲ.

ಕೆಳಗಿನಿಂದ ಅತ್ತಿಗೆಯ ಕೂಗು: “ಸೌಟು ತಗಂಡು ಕೆಳಗೆ ಬರ್ತ್ರೋ ಇಲ್ವೋ?”

ಮನುಷ್ಯರ ಮಾತು ಕೇಳಿಸದ ನನ್ನ ಭಾವನಿಗೆ ಅದು ಕೇಳಿಸಿತು. “ಬಂದೆ ಮಾರಾಯ್ತಿ, ಬಂದೆ!” ಎಂದರು. ಎರಡನೆಯ ‘ಬಂದೆ’ಯನ್ನು ಎಳೆದು ಮೇಲಕ್ಕೆತ್ತಿದ್ದು, ಕೊನೆಯಲ್ಲಿ ತುಸು ನಗು ಸೇರಿದ್ದು, ಎಲ್ಲವೂ ಅವಳದೇ. ಅಣ್ಣತಂಗಿಯರು ಒಂದೇ ಮನೆಯಲ್ಲಿ ಮಾತು ಕಲಿತವರಲ್ಲವೇ?

ಆಮೇಲೆ ಅವರು ಸೌಟನ್ನು ನನ್ನ ಕೈಗೆ ಕೊಟ್ಟರು. ನಾನು ತಟ್ಟಿದೆ.