ಎಲ್ಲಿ ನಿಂತಿದ್ದೀಯೆ, ಮೊದಲು ನೋಡು

ಬಡವನಹಳ್ಳಿಯ ಮದುವೆ ಫೋಟೋಗಳನ್ನು ಕೈತಪ್ಪಿ ಅಳಿಸಿಹಾಕಿದ ದಿನದಿಂದ ನಮ್ಮ ಮಾವನಿಗೆ ತಲೆ ಕೆಟ್ಟಿತು ಎಂದು ಮನೆಯವರೆಲ್ಲ ಹೇಳುತ್ತಾರೆ. ಈ ವಾದದಲ್ಲಿ ಎರಡು ತಪ್ಪುಗಳಿವೆ. ಒಂದು, ಮಾವನ ತಲೆ ಅದಕ್ಕೂ ಮೊದಲೇ ಹಾಗಿತ್ತು! ಎರಡನೆಯದಕ್ಕೆ ಆಮೇಲೆ ಬರುತ್ತೇನೆ.

ಮಧುಗಿರಿಯಲ್ಲಿ ಮಾವನದೊಂದು ಫೋಟೋ ಸ್ಟುಡಿಯೋ. ಕಂಪ್ಯೂಟರಿನಲ್ಲಿ ಜಾಗ ಖಾಲಿ ಮಾಡಲು ತಾನೇ ಒಂದು ಸ್ಕ್ರಿಪ್ಟ್, ಎಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿ, ಬರೆದುಕೊಂಡಿದ್ದ. ಯಾವ ಫೋಲ್ಡರಿನಲ್ಲಿ ನಿಂತು, ಎಂದರೆ ಯಾವುದನ್ನು ತೆರೆದಿಟ್ಟು, ಓಡಿಸುತ್ತೇವೋ ಆ ಫೋಲ್ಡರನ್ನು ಗುಡಿಸಿ ಹಾಕುವುದು ಅದರ ಕೆಲಸ. ಹಾಗಾಗಿ ಎಂಟರ್ ಒತ್ತುವ ಮುಂಚೆ ಎರಡೂ ಕೈ ಮೇಲೆತ್ತಿ, ತಾನೀಗ ಎಲ್ಲಿದ್ದೇನೆಂದು ಪರದೆ ನೋಡಿ ಗಟ್ಟಿಯಾಗಿ ಓದುವುದು ಮಾವನ ನೇಮ. ಸ್ಟುಡಿಯೋದಲ್ಲಿ ಮಾತ್ರವಾಗಿದ್ದರೆ ಸಹಿಸಬಹುದಿತ್ತು. ಶಿರಾದಲ್ಲಿ ಬಸ್ಸು ಹತ್ತಿ ಸೀಟು ಹಿಡಿದ ಮೇಲೂ ಕೆಳಗಿಳಿದು ಬೋರ್ಡು ಓದಿಬರುವವನಿಗೆ ಏನೆನ್ನುವುದು? ಅಷ್ಟರಲ್ಲಿ ಸೀಟು ಹೋಗಿರುತ್ತಿತ್ತು. ನಿಂತರೇನು, ಸರಿಯಾದ ಬಸ್ಸಿನಲ್ಲೇ ನಿಂತಿದ್ದೇನಲ್ಲ ಎನ್ನುತ್ತಿದ್ದ!

ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ನಾನು ಬಿಡುತ್ತೇನೆಯೇ? ನಿನ್ನೆ ಸರಿಯಿದ್ದ ಜಾಗ ಇವತ್ತು ಬದಲಾಗುತ್ತದೆಯೇ ಎಂದು ಕೆಣಕಿದೆ.

"ಫೋಲ್ಡ್ರು ಅಲ್ಲೇ ಇರ್ತದೆ ಕಣಮ್ಮ. ಓಡಾಡೋರು ನಾವು."

ಒಂದು ಮಧ್ಯಾಹ್ನ ಬಡವನಹಳ್ಳಿಯ ಆ ಮದುಮಗಳು ಬಂದು ಹೊರಗಿನ ಬೆಂಚಿನ ಮೇಲೆ ಕೂತಳು. ಮದುವೆಯಾದ ತಿಂಗಳಲ್ಲೇ ಅವಳ ಅಪ್ಪ ತೀರಿಕೊಂಡಿದ್ದರು. ಆಧಾರ್ ಕಾರ್ಡಿನದು ಬಿಟ್ಟರೆ ಮನೆಯಲ್ಲಿ ಅವರ ಮುಖವೇ ಇಲ್ಲವಂತೆ. ಮದುವೆಯದೊಂದನ್ನು ದೊಡ್ಡದು ಮಾಡಿಕೊಡಬೇಕು. ಮಾವ ಆ ಮದುವೆಯ ಫೋಲ್ಡರ್ ತೆರೆದರೆ ಕಂಪ್ಯೂಟರು ಜಾಗವಿಲ್ಲವೆಂದು ಮೊಂಡು ಹಿಡಿಯಿತು. ಬೇಡದ ಚಿತ್ರಗಳ ಫೋಲ್ಡರನ್ನು ಖಾಲಿ ಮಾಡೆಂದು ನನಗೆ ಹೇಳಿ ಮಾವ ಅವಳ ಹತ್ತಿರ ಹೋದ.

ಎರಡನೆಯ ತಪ್ಪು ಇದು: ಎಂಟರ್ ಒತ್ತಿದ್ದು ನಾನು. ಒಳಕೋಣೆಯಲ್ಲಿ, ಕೈ ಎತ್ತದೆ, ಏನೂ ಓದದೆ.

ಪರದೆಯ ಮೇಲೆ ಅಳಿಸಿಹೋಗುತ್ತಿರುವ ಚಿತ್ರಗಳ ಹೆಸರುಗಳು ಓಡತೊಡಗಿದವು. ವರಪೂಜೆ, ಚಪ್ಪರ, ಧಾರೆ. ಒಳಗೆ ಬಂದ ಮಾವ ನೋಡಿದವನೇ ಗೋಡೆಯ ಪ್ಲಗ್ ಕಿತ್ತ. ಹೊರಗೆ ಹೋಗಿ, "ನನ್ನ ಕೈಯಿಂದ್ಲೇ ತಪ್ಪಾಗೋಯ್ತು ಕಣಮ್ಮ" ಎಂದ. ಅವಳು ಬಯ್ಯಲಿಲ್ಲ. ಅದೇ ಕಷ್ಟವಾಯಿತು.

ಮೂರು ದಿನ ಒದ್ದಾಡಿ ಅವನು ವಾಪಸ್ಸು ತಂದದ್ದು ಒಂದೇ ಚಿತ್ರ: ಧಾರೆಯೆರೆಯುತ್ತಿರುವ ಅಪ್ಪನ ಕೈಗಳು. ಮುಖವಿಲ್ಲ. ಅದನ್ನೇ ಕಟ್ಟುಹಾಕಿಸಿ ತಾನೇ ಬಡವನಹಳ್ಳಿಗೆ ಒಯ್ದುಕೊಟ್ಟು ಬಂದ.

ಮೊನ್ನೆ ಆ ಸ್ಕ್ರಿಪ್ಟ್ ತೆರೆದು ನೋಡಿದೆ. ಮೊದಲಿಗೆ ಹೊಸದೊಂದು ಸಾಲು ಸೇರಿದೆ. ಈಗ ಎಲ್ಲಿ ನಿಂತು ಓಡಿಸಿದರೂ ಅದು ತಾನಾಗಿ ಬೇಡದ ಚಿತ್ರಗಳ ಫೋಲ್ಡರಿಗೇ ಹೋಗುತ್ತದೆ. ತಾರೀಖು ನೋಡಿದರೆ, ಸೇರಿಸಿದ್ದು ಆ ಮದುಮಗಳು ಬಂದುಹೋದ ಸಂಜೆಯೇ.

ಹಾಗಿದ್ದ ಮೇಲೆ ಇನ್ನೂ ಯಾಕೆ ಮಾವ, ಗಿರಾಕಿಗಳ ಎದುರು ಕೈ ಎತ್ತಿ ಗಟ್ಟಿಯಾಗಿ ಓದಿ ನಗೆಪಾಟಲಾಗುತ್ತೀಯ? ಕೈತಪ್ಪಿದ್ದು ನಿನ್ನದೇ ಎಂದು ಎಲ್ಲರೂ ನಂಬಿಕೊಂಡೇ ಇರಲಿ ಅಂತಲಾ?